ಕಟ್ಟಿದವನ ಹೊಣೆ: ಜಕಣಾಚಾರಿಯ ಕೈಯಿಂದ ವಿಮಾಪತ್ರದವರೆಗೆ

ಕನ್ನಡನಾಡಿನ ಐತಿಹ್ಯಗಳಲ್ಲಿ ಜಕಣಾಚಾರಿಯ ಕಥೆಯಷ್ಟು ಜನಜನಿತವಾದದ್ದು ವಿರಳ. ಬೇಲೂರಿನಲ್ಲಿ ಪ್ರತಿಷ್ಠೆಗೆ ಸಿದ್ಧವಾದ ಮೂರ್ತಿಯ ಶಿಲೆಯಲ್ಲಿ ದೋಷವಿದೆಯೆಂದು ಅಪರಿಚಿತ ತರುಣನೊಬ್ಬ ನುಡಿಯುತ್ತಾನೆ. ದೋಷವನ್ನು ತೋರಿಸಿಕೊಟ್ಟರೆ ತನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ವೃದ್ಧ ಶಿಲ್ಪಿ ಪಣ ತೊಡುತ್ತಾನೆ. ಮೂರ್ತಿಗೆ ಗಂಧ ಲೇಪಿಸಿದಾಗ ಹೊಕ್ಕುಳಿನ ಭಾಗವೊಂದು ಮಾತ್ರ ಒಣಗದೆ ಉಳಿಯುತ್ತದೆ. ಅಲ್ಲಿ ಉಳಿ ತಾಗಿದೊಡನೆ ಕಲ್ಲಿನ ಪೊಳ್ಳಿನಿಂದ ನೀರು, ಮರಳು, ಕಪ್ಪೆ ಹೊರಬರುತ್ತವೆ. ಜಕಣ ನುಡಿದಂತೆ ನಡೆಯುತ್ತಾನೆ. ಆ ತರುಣ ಅವನ ಮಗ ಡಂಕಣನೇ ಎಂಬುದೂ, ತುಮಕೂರಿನ ಬಳಿಯ ಕೈದಾಳದಲ್ಲಿ ಶಿಲ್ಪಿಗೆ ಮತ್ತೆ ಕೈ ಬಂದಿತೆಂಬುದೂ ಕಥೆಯ ಉತ್ತರಭಾಗ.

ಇದು ಚರಿತ್ರೆಯಲ್ಲ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ವಿಗ್ರಹಗಳ ಪೀಠದಲ್ಲಿಯೇ ಕೊರೆದಿವೆ. ಆ ಕಾಲದ ಶಿಲ್ಪಿ ತನ್ನ ಕೃತಿಯ ಕೆಳಗೆ ಸಹಿ ಮಾಡುತ್ತಿದ್ದನೆಂಬುದಕ್ಕೆ ಅವು ಸಾಕ್ಷಿ. ಜಕಣನ ಕಥೆಗೆ ಅಂತಹ ಸಾಕ್ಷ್ಯವಿಲ್ಲ. ಆದರೆ ಐತಿಹ್ಯವೊಂದು ಯಾವುದನ್ನು ಸಹಜವೆಂದು ಭಾವಿಸುತ್ತದೆ ಎಂಬುದೂ ಒಂದು ಚಾರಿತ್ರಿಕ ಸಂಗತಿಯೇ. ಈ ಕಥೆಯಲ್ಲಿ ದೋಷವಿದ್ದುದು ಕೆತ್ತನೆಯಲ್ಲಲ್ಲ, ಕಲ್ಲಿನ ಒಡಲಲ್ಲಿ. ಅದು ಯಾವ ನುರಿತ ಕಣ್ಣಿಗೂ ಸುಲಭವಾಗಿ ಕಾಣುವಂಥದಲ್ಲ. ಅದರಿಂದ ಯಾರಿಗೂ ಗಾಯವಾಗಲಿಲ್ಲ. ಆದರೂ ಶಿಲ್ಪಿ ತೆತ್ತ. ಏಕೆಂದರೆ ಅವನು ಎಚ್ಚರದಿಂದ ಕೆಲಸ ಮಾಡುವೆನೆಂದು ಹೇಳಿರಲಿಲ್ಲ, ಕೃತಿ ನಿರ್ದೋಷವೆಂದೇ ಮಾತು ಕೊಟ್ಟಿದ್ದ.

ಇಂದಿನ ನ್ಯಾಯಾಲಯವೊಂದು ಈ ವ್ಯಾಜ್ಯವನ್ನು ವಿಚಾರಿಸಿದರೆ, ನುರಿತ ಶಿಲ್ಪಿಯೊಬ್ಬ ಮಾಡಬೇಕಾದ ಪರೀಕ್ಷೆಯನ್ನು ಜಕಣ ಮಾಡಿದ್ದನೇ ಎಂದು ಮೊದಲು ಕೇಳುತ್ತದೆ. ಮಾಡಿದ್ದನಾದರೆ ನಿರ್ಲಕ್ಷ್ಯದ ಆರೋಪ ಅಲ್ಲಿಗೇ ಬೀಳುತ್ತದೆ. ಇಂದಿನ ವಿಮಾ ಕಂಪನಿಯಂತೂ ಅವನ ಪಣವನ್ನು ಕೇಳಿದೊಡನೆ ಕೈ ತೊಳೆದುಕೊಳ್ಳುತ್ತದೆ. ವೃತ್ತಿಪರ ಹೊಣೆಗಾರಿಕೆ ವಿಮೆ ಎಂದು ಕರೆಯಲ್ಪಡುವ ಪಾಲಿಸಿ ವಾಸ್ತುಶಿಲ್ಪಿಯ ನಿರ್ಲಕ್ಷ್ಯದಿಂದ ಪರರಿಗಾದ ನಷ್ಟವನ್ನು ಭರಿಸುತ್ತದೆಯೇ ಹೊರತು, ಅವನು ಅಭಿಮಾನದಿಂದಲೋ ಒತ್ತಾಯದಿಂದಲೋ ಕೊಟ್ಟ ಖಾತರಿಯನ್ನಲ್ಲ. ಎಚ್ಚರದ ಹೊಣೆ, ಫಲದ ಹೊಣೆ ಎಂಬ ಈ ಎರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಕಟ್ಟುವವರ ಹೊಣೆಗಾರಿಕೆಯ ಸುದೀರ್ಘ ಚರಿತ್ರೆಯ ತಿರುಳು.

ಆ ಚರಿತ್ರೆಯ ಮೊದಲ ಪುಟ ಬ್ಯಾಬಿಲೋನಿನದು. ಕ್ರಿ.ಪೂ. 18ನೆಯ ಶತಮಾನದ ದೊರೆ ಹಮ್ಮುರಾಬಿಯ ಕಟ್ಟಳೆಗಳನ್ನು ಕೊರೆದ ಕರಿಕಲ್ಲಿನ ಸ್ತಂಭ 1901-02ರಲ್ಲಿ ಸೂಸಾ ನಗರದ ಅವಶೇಷಗಳಲ್ಲಿ ದೊರೆತು, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರ 229ರಿಂದ 233ರವರೆಗಿನ ಕಟ್ಟಳೆಗಳು ಮನೆ ಕಟ್ಟುವವನ ಕುರಿತಾದವು. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣ. ಆಳು ಸತ್ತರೆ ಆಳಿಗೆ ಆಳು. ಸೊತ್ತು ಹಾಳಾದರೆ ಅದನ್ನು ತುಂಬಿಕೊಟ್ಟು ಮನೆಯನ್ನೂ ಸ್ವಂತ ಖರ್ಚಿನಲ್ಲಿ ಮತ್ತೆ ಕಟ್ಟಬೇಕು. ಈ ಕಟ್ಟಳೆಗಳ ಕ್ರೌರ್ಯವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅವುಗಳ ಹಿಂದೆಯೇ ಇರುವ 228ನೆಯ ಕಟ್ಟಳೆಯನ್ನು ಗಮನಿಸುವವರು ಕಡಿಮೆ. ಮನೆಯ ಅಳತೆಗೆ ಅನುಗುಣವಾಗಿ ಕಟ್ಟುವವನಿಗೆ ಸಲ್ಲಬೇಕಾದ ಬೆಳ್ಳಿಯ ಸಂಭಾವನೆಯನ್ನು ಅದು ನಿಗದಿಪಡಿಸುತ್ತದೆ. ಸಂಭಾವನೆಯೂ ಹೊಣೆಯೂ ಒಂದೇ ಉಸಿರಿನ ಮಾತುಗಳಾಗಿದ್ದವು. ಆದರೆ ಪಡೆದ ಬೆಳ್ಳಿಗೂ ತೆರಬೇಕಾದ ಬೆಲೆಗೂ ಯಾವ ಪ್ರಮಾಣವೂ ಇರಲಿಲ್ಲ. ಸಣ್ಣ ಸಂಭಾವನೆ, ಎಣೆಯಿಲ್ಲದ ಹೊಣೆ ಎಂಬ ಈ ಅಸಮತೆ ವಾಸ್ತುಶಿಲ್ಪಿಯ ವೃತ್ತಿಯನ್ನು ಇಂದಿಗೂ ಬಿಟ್ಟಿಲ್ಲ.

ಭಾರತದ ಪ್ರಾಚೀನ ಗ್ರಂಥಗಳ ದಾರಿ ಬೇರೆ. ಮಯಮತವೇ ಮೊದಲಾದ ವಾಸ್ತುಗ್ರಂಥಗಳು ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕರೆಂದು ಕೆಲಸಗಾರರನ್ನು ವಿಂಗಡಿಸಿ, ಸ್ಥಪತಿಗಿರಬೇಕಾದ ಗುಣಗಳನ್ನು ವಿವರವಾಗಿ ಹೇಳುತ್ತವೆ. ಅಳತೆ ತಪ್ಪಿದರೆ ಒದಗುವ ಅನಿಷ್ಟವನ್ನು ಮಾತ್ರ ಅವು ಮುಖ್ಯವಾಗಿ ಯಜಮಾನನ ತಲೆಗೆ, ಊರಿನ ತಲೆಗೆ ಕಟ್ಟುತ್ತವೆ. ಆದುದರಿಂದ ಅಲ್ಲಿನ ಎಚ್ಚರಿಕೆ ಯೋಗ್ಯನನ್ನು ಆರಿಸಿಕೊಳ್ಳಬೇಕೆಂಬುದು. ಹಣದ ಹೊಣೆಯನ್ನು ಕುರಿತ ಸ್ಪಷ್ಟವಾದ ಮಾತು ದೊರೆಯುವುದು ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ. ಹೇಳಿದ್ದಕ್ಕೆ ವಿರುದ್ಧವಾಗಿ ಕೆಲಸ ಮಾಡಿದ ಕಾರು, ಅಂದರೆ ಕುಶಲಕರ್ಮಿ, ಕೂಲಿಯನ್ನೂ ಕಳೆದುಕೊಂಡು ಅದರ ಇಮ್ಮಡಿ ದಂಡವನ್ನೂ ತೆರಬೇಕು. ಅಲ್ಲಿಯೇ ಇನ್ನೊಂದು ವಿಧಿಯಿದೆ: ಶ್ರೇಣಿಯ ವಿಶ್ವಾಸಕ್ಕೆ ಪಾತ್ರನಾದವನು ಮಾತ್ರ ಪರರ ಸಾಮಗ್ರಿಯನ್ನು ಇಡುಗಂಟಾಗಿ ಪಡೆಯಬಹುದು, ಅವನಿಗೆ ವಿಪತ್ತು ಒದಗಿದರೆ ಆ ಇಡುಗಂಟಿನ ಹೊಣೆಯನ್ನು ಶ್ರೇಣಿಯೇ ಹೊರಬೇಕು. ಇದನ್ನು ವಿಮೆಯೆಂದು ಕರೆದರೆ ಅತಿಶಯೋಕ್ತಿಯಾಗುತ್ತದೆ, ಕಟ್ಟಡದ ದೋಷಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೂ ಒಬ್ಬನ ಹೊಣೆಗೆ ಸಮುದಾಯದ ಗಂಟು ಆಸರೆಯಾಗಬಹುದೆಂಬ ಆಲೋಚನೆಯ ಬೀಜ ಇಲ್ಲಿದೆ.

ಗ್ರೀಕ್ ಮತ್ತು ರೋಮನ್ ಜಗತ್ತಿನಲ್ಲಿ ಹೊಣೆ ದೇಹವನ್ನು ಬಿಟ್ಟು ಆಸ್ತಿಯತ್ತ ಸರಿಯುವುದನ್ನು ಕಾಣಬಹುದು. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಹತ್ತನೆಯ ಸಂಪುಟದ ಪೀಠಿಕೆಯಲ್ಲಿ ಎಫಿಸಸ್ ನಗರದ ಹಳೆಯ ಕಾನೂನೊಂದನ್ನು ಸ್ಮರಿಸುತ್ತಾನೆ. ಸಾರ್ವಜನಿಕ ಕಟ್ಟಡವನ್ನು ಒಪ್ಪಿಕೊಳ್ಳುವ ವಾಸ್ತುಶಿಲ್ಪಿ ಮೊದಲೇ ವೆಚ್ಚದ ಅಂದಾಜನ್ನು ಕೊಡಬೇಕು. ಕೆಲಸ ಮುಗಿಯುವವರೆಗೆ ಅವನ ಆಸ್ತಿ ಅಧಿಕಾರಿಯ ವಶದಲ್ಲಿ ಒತ್ತೆಯಾಗಿರುತ್ತದೆ. ವೆಚ್ಚ ಅಂದಾಜಿನಂತೆಯೇ ಇದ್ದರೆ ಅವನಿಗೆ ಸನ್ಮಾನ. ಕಾಲುಭಾಗದವರೆಗೆ ಹೆಚ್ಚಾದರೆ ಬೊಕ್ಕಸ ಭರಿಸುತ್ತದೆ. ಅದನ್ನೂ ಮೀರಿದರೆ ಮೀರಿದ ಮೊತ್ತ ಅವನ ಆಸ್ತಿಯಿಂದ ವಸೂಲಾಗುತ್ತದೆ. ಇಂಥ ಕಾನೂನು ರೋಮಿನಲ್ಲಿಯೂ ಇರಬಾರದಿತ್ತೇ ಎಂದು ಹಂಬಲಿಸುವವನು ಸ್ವತಃ ವಾಸ್ತುಶಿಲ್ಪಿಯೆಂಬುದು ವಿಶೇಷ. ಮನುಷ್ಯನ ಅಂದಾಜು ತಪ್ಪುವುದು ಸಹಜ, ಆದರೆ ಆ ಸಹಜತೆಗೂ ಒಂದು ಮಿತಿಯಿದೆ ಎಂಬ ವಿವೇಕ ಆ ಕಾಲುಭಾಗದ ರಿಯಾಯಿತಿಯಲ್ಲಿದೆ. ಬ್ಯಾಬಿಲೋನಿನಲ್ಲಿ ಅದಕ್ಕೆ ಎಡೆಯಿರಲಿಲ್ಲ.

ರೋಮಿನ ನ್ಯಾಯಶಾಸ್ತ್ರಜ್ಞರಿಗೆ ಇನ್ನೊಂದು ತೊಡಕಿತ್ತು. ಭೂಮಾಪಕನಂಥ ಬಲ್ಲವನು ಮಾಡುವುದು ಕೂಲಿಯ ಕೆಲಸವಲ್ಲ, ಉಪಕಾರ. ಅವನು ಪಡೆಯುವುದು ಸಂಬಳವಲ್ಲ, ಗೌರವಧನ ಎಂಬುದು ಅವರ ಮತ. ಉಪಕಾರ ಮಾಡಿದವನನ್ನು ಸಣ್ಣ ತಪ್ಪಿಗೆ ನ್ಯಾಯಾಲಯಕ್ಕೆ ಎಳೆಯುವುದು ಹೇಗೆ? ಆದುದರಿಂದ ಅವನು ಹೊಣೆಯಾಗುತ್ತಿದ್ದುದು ಮೋಸಕ್ಕೆ ಮತ್ತು ಮೋಸಕ್ಕೆ ಸಮನಾದ ಘೋರ ನಿರ್ಲಕ್ಷ್ಯಕ್ಕೆ ಮಾತ್ರ. ವಂಚಿಸಿದ ವಾಸ್ತುಶಿಲ್ಪಿಯ ಮೇಲೂ ಇದೇ ಮಾದರಿಯ ದಾವೆ ಸಲ್ಲುತ್ತದೆಂದು ಉಲ್ಪಿಯನ್ ಬರೆದನು. ವೃತ್ತಿಯ ಗೌರವ ಹೊಣೆಯಿಂದ ರಕ್ಷಣೆ ನೀಡುತ್ತದೆಂಬ ಈ ಭಾವನೆ ಎಷ್ಟು ಗಟ್ಟಿಯಾದದ್ದೆಂದರೆ, ಅದರ ಕೊನೆಯ ಎಳೆಯನ್ನು ಕತ್ತರಿಸಲು 20ನೆಯ ಶತಮಾನವೇ ಬರಬೇಕಾಯಿತು.

ಕ್ರಿ.ಶ. 27ರಲ್ಲಿ ರೋಮಿನ ಹತ್ತಿರದ ಫಿಡೀನೆಯಲ್ಲಿ ಮರದ ರಂಗಮಂಟಪವೊಂದು ಪ್ರೇಕ್ಷಕರಿಂದ ಕಿಕ್ಕಿರಿದಿದ್ದಾಗಲೇ ಕುಸಿಯಿತು. ಸತ್ತವರು ಮತ್ತು ಗಾಯಗೊಂಡವರು ಐವತ್ತು ಸಾವಿರವೆಂದು ಟ್ಯಾಸಿಟಸ್ ಬರೆದರೆ, ಸತ್ತವರೇ ಇಪ್ಪತ್ತು ಸಾವಿರಕ್ಕೂ ಮಿಗಿಲೆಂದು ಸ್ಯೂಟೋನಿಯಸ್ ಹೇಳುತ್ತಾನೆ. ಪ್ರಾಚೀನರ ಸಂಖ್ಯೆಗಳನ್ನು ಎಚ್ಚರದಿಂದಲೇ ಸ್ವೀಕರಿಸಬೇಕು. ಗಟ್ಟಿ ನೆಲದಲ್ಲಿ ಬುನಾದಿ ಹಾಕದೆ, ಹಣದಾಸೆಯಿಂದ ಅದನ್ನು ಕಟ್ಟಿಸಿದ ಅಟೀಲಿಯಸ್ ಎಂಬಾತ ಗಡೀಪಾರಾದನು. ಅನಂತರ ಸೆನೆಟ್ ಎರಡು ನಿಯಮಗಳನ್ನು ಮಾಡಿತು. ರಂಗಮಂಟಪದ ನೆಲವನ್ನು ಮೊದಲು ಪರೀಕ್ಷಿಸಬೇಕೆಂಬುದು ಒಂದು. ನಾಲ್ಕು ಲಕ್ಷ ಸೆಸ್ಟರ್ಸ್‌ಗಿಂತ ಕಡಿಮೆ ಆಸ್ತಿಯುಳ್ಳವನು ಇಂಥ ಪ್ರದರ್ಶನವನ್ನೇ ಏರ್ಪಡಿಸಬಾರದೆಂಬುದು ಇನ್ನೊಂದು. ಮೊದಲನೆಯದು ತಂತ್ರಜ್ಞಾನದ ನಿಯಮ. ಎರಡನೆಯದರ ಉದ್ದೇಶ ಮೇಲ್ವರ್ಗದ ಅಭಿಮಾನವೂ ಆಗಿದ್ದೀತು; ಆದರೆ ಅದರ ಪರಿಣಾಮ ಸ್ಪಷ್ಟ. ಜನರನ್ನು ಅಪಾಯದಲ್ಲಿ ನಿಲ್ಲಿಸುವವನ ಬಳಿ ಕಳೆದುಕೊಳ್ಳಲು ಏನಾದರೂ ಇರಬೇಕು. ಬರಿಗೈಯವನನ್ನು ಗಡೀಪಾರು ಮಾಡಿದರೆ ಸತ್ತವರ ಮಕ್ಕಳಿಗೆ ಏನೂ ದೊರೆಯುವುದಿಲ್ಲ.

ಆಧುನಿಕ ಯುಗದಲ್ಲಿ ಫ್ರಾನ್ಸ್ ಈ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಕೊಟ್ಟಿತು. 1804ರ ನೆಪೋಲಿಯನ್ನನ ನಾಗರಿಕ ಸಂಹಿತೆಯ 1792ನೆಯ ವಿಧಿಯ ಪ್ರಕಾರ, ಕಟ್ಟಡವು ನಿರ್ಮಾಣದ ದೋಷದಿಂದ, ನೆಲದ ದೋಷದಿಂದಲೇ ಆದರೂ, ನಾಶವಾದರೆ ವಾಸ್ತುಶಿಲ್ಪಿಯೂ ಗುತ್ತಿಗೆದಾರನೂ ಹತ್ತು ವರ್ಷ ಹೊಣೆ. ನೆಲದೊಳಗಿನದು ತನಗೆ ಕಾಣಲಿಲ್ಲವೆಂಬ ನೆಪ ಅಲ್ಲಿ ನಡೆಯುವುದಿಲ್ಲ. ಜಕಣನ ಕಲ್ಲಿನ ಕಪ್ಪೆಗೆ ಅತ್ಯಂತ ಸಮೀಪದ ಕಾನೂನು ಇದೇ. ಆದರೆ ಹತ್ತು ವರ್ಷದೊಳಗೆ ಗುತ್ತಿಗೆದಾರ ದಿವಾಳಿಯಾದರೆ ವಿಧಿ ಕಾಗದದ ಮೇಲೆ ಉಳಿಯುತ್ತಿತ್ತು. 1978ರ ಜನವರಿ 4ರಂದು ಬಂದ, ಸ್ಪಿನೆಟ್ಟಾ ಕಾನೂನೆಂದು ಪ್ರಸಿದ್ಧವಾದ ಶಾಸನ ಆ ಬಿರುಕನ್ನು ಮುಚ್ಚಿತು. ಕಟ್ಟುವವರೆಲ್ಲರಿಗೂ ಹತ್ತು ವರ್ಷದ ಹೊಣೆಯ ವಿಮೆ ಕಡ್ಡಾಯವಾಯಿತು. ಕಟ್ಟಿಸುವವನೂ ತನ್ನ ಪಾಲಿನ ಇನ್ನೊಂದು ವಿಮೆ ಮಾಡಿಸಬೇಕು. ಹಾನಿಯಾದಾಗ ಅದು ತಪ್ಪು ಯಾರದೆಂದು ವಿಚಾರಿಸುತ್ತ ಕೂರದೆ ಮೊದಲು ದುರಸ್ತಿಯ ಹಣ ಕೊಡುತ್ತದೆ, ತಪ್ಪಿತಸ್ಥರ ವಿಮೆಗಾರರಿಂದ ವಸೂಲು ಮಾಡುವುದು ಆಮೇಲಿನ ಮಾತು. ಸೂರು ಸೋರುತ್ತಿರುವವನಿಗೆ ನ್ಯಾಯಾಲಯದ ತೀರ್ಪಿಗಿಂತ ಮುಂಚೆ ಬೇಕಾದದ್ದು ಸೂರು ಎಂಬುದನ್ನು ಅರಿತ ಕಾನೂನದು.

ಇಂಗ್ಲೆಂಡಿನದು ಫಲಕ್ಕಿಂತ ಎಚ್ಚರಕ್ಕೆ ಬೆಲೆ ಕೊಡುವ ಮಾರ್ಗ. ವೃತ್ತಿಪರನು ತನ್ನ ವೃತ್ತಿಯ ಸಾಮಾನ್ಯ ಕುಶಲಿಯೊಬ್ಬನಷ್ಟು ಕೌಶಲ, ಎಚ್ಚರ ತೋರಿದರೆ ಸಾಕು, ಫಲಕ್ಕೆ ಅವನು ಜಾಮೀನಲ್ಲ. 1957ರ ಬೋಲಂ ಪ್ರಕರಣ ವೈದ್ಯಕೀಯದ್ದಾದರೂ ಅದರ ಅಳತೆಗೋಲು ವಾಸ್ತುಶಿಲ್ಪಿಗಳಿಗೂ ಸಂದಿತು. ಭಾರತದ ಸರ್ವೋಚ್ಚ ನ್ಯಾಯಾಲಯ ಕೂಡ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ವೃತ್ತಿಪರರ ಸಾಲಿನಲ್ಲಿ ವಾಸ್ತುಶಿಲ್ಪಿಗಳನ್ನು ಹೆಸರಿಸಿ ಈ ತತ್ತ್ವವನ್ನೇ ಅನುಸರಿಸಿತು.

ಈ ಅಳತೆಗೋಲು ಮೃದುವಾದದ್ದೆಂದು ಭಾವಿಸುವುದು ತಪ್ಪು. 1963ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ಕ್ಲೇ ವಿರುದ್ಧ ಕ್ರಂಪ್ ಪ್ರಕರಣವನ್ನು ನೋಡಬಹುದು. ಹಳೆಯ ಕಟ್ಟಡವನ್ನು ಕೆಡವುವಾಗ ಗೋಡೆಯೊಂದನ್ನು ಉಳಿಸಿಕೊಳ್ಳಬಹುದೇ ಎಂಬ ಮಾತು ಬಂತು. ವಾಸ್ತುಶಿಲ್ಪಿ ಕೆಡವುವ ಗುತ್ತಿಗೆದಾರನನ್ನು ಕೇಳಿದ. ಗೋಡೆ ಭದ್ರವಾಗಿದೆಯೆಂಬ ಉತ್ತರವನ್ನು ನಂಬಿದ. ತಾನು ಹೋಗಿ ಪರೀಕ್ಷಿಸಲಿಲ್ಲ. ಆಮೇಲೆ ಬಂದ ಕಟ್ಟಡದ ಗುತ್ತಿಗೆದಾರ, ವಾಸ್ತುಶಿಲ್ಪಿ ಇದನ್ನು ನೋಡಿಯೇ ಬಿಟ್ಟಿರುತ್ತಾನೆಂದು ನಂಬಿದ. ಗೋಡೆ ಕೆಲಸಗಾರರು ಕುಳಿತಿದ್ದ ಗುಡಿಸಲಿನ ಮೇಲೆ ಬಿತ್ತು. ಇಬ್ಬರು ಸತ್ತರು, ಕ್ಲೇ ಎಂಬ ಕೂಲಿಗಾರ ಗಾಯಗೊಂಡ. ಮೂವರೂ ಹೊಣೆಯೆಂದು ತೀರ್ಪಾಯಿತು. ಅತಿ ದೊಡ್ಡ ಪಾಲು, ಶೇಕಡಾ 42, ವಾಸ್ತುಶಿಲ್ಪಿಯದು. ಒಬ್ಬೊಬ್ಬನೂ ಇನ್ನೊಬ್ಬನು ನೋಡಿದ್ದಾನೆಂದು ನಂಬಿದ್ದ ಸರಪಳಿಯಲ್ಲಿ ಯಾರೂ ನೋಡಿರಲಿಲ್ಲ. ಈ ಮೊಕದ್ದಮೆಯಲ್ಲಿ ಇನ್ನೊಂದು ಅಂಶವಿದೆ. ಕ್ಲೇಗೂ ವಾಸ್ತುಶಿಲ್ಪಿಗೂ ಯಾವ ಕರಾರೂ ಇರಲಿಲ್ಲ. ಗೋಡೆಯ ನೆರಳಲ್ಲಿ ಕೂರುವ ಕೂಲಿಗಾರನಿಗೂ ವಾಸ್ತುಶಿಲ್ಪಿ ಎಚ್ಚರದ ಸಾಲಗಾರನೆಂಬುದು ಹೀಗೆ ಸ್ಥಿರಪಟ್ಟಿತು.

ರೋಮನ್ ಗೌರವಧನದ ಕೊನೆಯ ಎಳೆ ಕತ್ತರಿಸಿದ್ದು 1974ರಲ್ಲಿ, ಸಟ್‌ಕ್ಲಿಫ್ ವಿರುದ್ಧ ಥ್ಯಾಕ್ರಾ ಪ್ರಕರಣದಲ್ಲಿ. ನಡೆದ ಕೆಲಸವನ್ನು ನೋಡಿ, ಗುತ್ತಿಗೆದಾರನಿಗೆ ಇಷ್ಟು ಹಣ ಸಲ್ಲಬೇಕೆಂದು ಪ್ರಮಾಣಪತ್ರ ಬರೆಯುವುದು ವಾಸ್ತುಶಿಲ್ಪಿಯ ಕೆಲಸಗಳಲ್ಲೊಂದು. ಈ ಪ್ರಕರಣದಲ್ಲಿ ಕೆಲಸ ಕೆಟ್ಟಿದ್ದರೂ ಹಣ ಪಾವತಿಗೆ ಪತ್ರ ಹೋಗಿತ್ತು. ಅಷ್ಟರಲ್ಲಿ ಗುತ್ತಿಗೆದಾರ ದಿವಾಳಿಯಾದ. ಪ್ರಮಾಣಪತ್ರ ನೀಡುವಾಗ ತಾವು ಇಬ್ಬರ ನಡುವಿನ ನ್ಯಾಯಾಧೀಶರಂತೆ, ಆದ್ದರಿಂದ ಹೊಣೆಯಿಲ್ಲ ಎಂದು ವಾಸ್ತುಶಿಲ್ಪಿಗಳು ವಾದಿಸಿದರು. 1901ರ ತೀರ್ಪೊಂದರ ಬೆಂಬಲವೂ ಆ ವಾದಕ್ಕಿತ್ತು. ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಗುತ್ತಿಗೆದಾರರು ಮುಳುಗಬಹುದು, ಸಹಿ ಹಾಕಿದವನು, ವಿಮೆ ಹೊಂದಿದವನು, ಉಳಿಯುತ್ತಾನೆ. ಕಟ್ಟಡದ ವ್ಯಾಜ್ಯಗಳಲ್ಲಿ ಹಲವರು ಜಂಟಿಯಾಗಿ ಹೊಣೆಯಾದಾಗ ಇಡೀ ಮೊತ್ತ ಹಣವುಳ್ಳ ಒಬ್ಬನಿಂದಲೇ ವಸೂಲಾಗುವುದುಂಟು. ವಿಮೆ ಇರುವುದೇ ವಾಸ್ತುಶಿಲ್ಪಿಯನ್ನು ಗುರಿಯಾಗಿಸುತ್ತದೆಂಬ ವೃತ್ತಿಯವರ ಗೊಣಗಾಟಕ್ಕೆ ಆಧಾರವಿಲ್ಲದಿಲ್ಲ.

ತನ್ನದೇ ತಪ್ಪಿಗೆ ಮುಂಗಡವಾಗಿ ವಿಮೆ ಮಾಡಿಸಿಕೊಳ್ಳುವುದು ನೈತಿಕವೇ ಎಂಬ ಶಂಕೆ 19ನೆಯ ಶತಮಾನದಲ್ಲಿ ಪ್ರಬಲವಾಗಿತ್ತು. ಹಡಗು ಮುಳುಗುವುದು ದೈವ, ಗೋಡೆ ಬೀಳುವುದು ಅಜಾಗ್ರತೆ. ಅಜಾಗ್ರತೆಗೆ ಆಸರೆ ಕೊಟ್ಟರೆ ಅದು ಬೆಳೆಯುವುದಿಲ್ಲವೇ? 1880ರಲ್ಲಿ ಬ್ರಿಟನ್ನಿನಲ್ಲಿ ಮಾಲೀಕರ ಹೊಣೆಗಾರಿಕೆಯ ಕಾಯಿದೆ ಬಂದಾಗ, ಕಾರ್ಮಿಕರಿಗೆ ಗಾಯವಾದರೆ ಮಾಲೀಕ ತೆರಬೇಕಾದ ಪರಿಹಾರಕ್ಕೆ ವಿಮೆ ನೀಡುವ ಕಂಪನಿ ಅದೇ ವರ್ಷ ಹುಟ್ಟಿಕೊಂಡಿತು. ಹೊಣೆಯ ವಿಮೆ ಹೀಗೆ ಬೇರೂರಿ ಕ್ರಮೇಣ ವೃತ್ತಿಗಳಿಗೆ ಹಬ್ಬಿತು. ಇಂದು ಬ್ರಿಟನ್ನಿನ ವಾಸ್ತುಶಿಲ್ಪಿಗಳ ನೋಂದಣಿ ಮಂಡಳಿಯ ನೀತಿಸಂಹಿತೆಯೇ ವಿಮೆಯನ್ನು ನಿರೀಕ್ಷಿಸುತ್ತದೆ.

ಆದರೆ ಈ ವಿಮೆ ಹಡಗಿನ ಅಥವಾ ಬೆಂಕಿಯ ವಿಮೆಯಂತಲ್ಲ. ತಪ್ಪು ನಡೆದ ವರ್ಷದ ಪಾಲಿಸಿಯಲ್ಲ, ಕ್ಲೇಮು ಬಂದ ವರ್ಷದ ಪಾಲಿಸಿ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಟ್ಟಡದ ದೋಷವಾದರೋ ನಿಧಾನವಾಗಿ ಬಾಯಿ ತೆರೆಯುವಂಥದು. ಪಿರೆಲ್ಲಿ ಕಂಪನಿಯ ಕಾರ್ಖಾನೆಯ ಚಿಮಣಿ 1969ರಲ್ಲಿ ಕಟ್ಟಿದ್ದು; 1970ರ ಹೊತ್ತಿಗೇ ಅದು ಒಳಗೆ ಬಿರಿದಿತ್ತು; ಕಣ್ಣಿಗೆ ಬಿದ್ದದ್ದು 1977ರಲ್ಲಿ. ಬಿರುಕು ಬಿಟ್ಟ ದಿನದಿಂದಲೇ ಆರು ವರ್ಷ ಎಣಿಸಬೇಕು, ಕಂಡ ದಿನದಿಂದಲ್ಲ ಎಂದು 1982ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ದೋಷ ಗೊತ್ತಾಗುವ ಮೊದಲೇ ದಾವೆಯ ಹಕ್ಕು ಸತ್ತಿತ್ತು. ಈ ವೈಪರೀತ್ಯ ಯಾರಿಗೂ ಸಹ್ಯವಾಗದೆ, ಕಂಡ ದಿನದಿಂದ ಮೂರು ವರ್ಷ, ಒಟ್ಟು ಹದಿನೈದು ವರ್ಷದ ಮಿತಿ ಎಂಬ ಕಾಯಿದೆ 1986ರಲ್ಲಿ ಬಂತು. ವಾಸ್ತುಶಿಲ್ಪಿಯ ಕಡೆಯಿಂದ ಇದರ ಅರ್ಥ ಬೇರೆ: ಕಚೇರಿ ಮುಚ್ಚಿ ನಿವೃತ್ತನಾದವನೂ ವರ್ಷ ವರ್ಷ ಪ್ರೀಮಿಯಂ ಕಟ್ಟುತ್ತಲೇ ಇರಬೇಕು. ಕಟ್ಟುವುದನ್ನು ನಿಲ್ಲಿಸಿದ ಮರುವರ್ಷ ಬಂದ ಕ್ಲೇಮಿಗೆ ಮೂವತ್ತು ವರ್ಷ ಕಟ್ಟಿದ ಪ್ರೀಮಿಯಮ್ಮೂ ಉಪಯೋಗವಿಲ್ಲ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರದ ಹೊರಹೊದಿಕೆಗೆ ಬೆಂಕಿ ಹತ್ತಿ 72 ಜನ ಸತ್ತ ಮೇಲೆ ಈ ವ್ಯವಸ್ಥೆಯ ಇನ್ನೊಂದು ಮುಖ ಬಯಲಾಯಿತು. ವಿಮಾ ಕಂಪನಿಗಳು ಪ್ರೀಮಿಯಂ ಏರಿಸಿದವು. ಹೊರಹೊದಿಕೆ ಮತ್ತು ಅಗ್ನಿಸುರಕ್ಷೆಗೆ ಸಂಬಂಧಿಸಿದ ಕ್ಲೇಮುಗಳನ್ನು ಹಲವು ಪಾಲಿಸಿಗಳಿಂದ ಹೊರಗಿಟ್ಟವು. ಅದೇ ವೇಳೆ 2022ರ ಕಟ್ಟಡ ಸುರಕ್ಷಾ ಕಾಯಿದೆ, ಹಿಂದೆ ಕಟ್ಟಿ ಮುಗಿಸಿದ ವಾಸದ ಮನೆಗಳ ದೋಷಗಳಿಗೆ ದಾವೆಯ ಕಾಲಮಿತಿಯನ್ನು ಮೂವತ್ತು ವರ್ಷಕ್ಕೆ ಹಿಗ್ಗಿಸಿತು. ಹೊಣೆ ಹಿಂದಕ್ಕೂ ಬೆಳೆಯಿತು, ಆಸರೆ ಮುಂದಿನಿಂದ ಕುಗ್ಗಿತು. ಇಂಗ್ಲಿಷ್ ಕಾನೂನಿನಲ್ಲಿ ತೀರಿಕೊಂಡವನ ಆಸ್ತಿಯ ಮೇಲೂ ದಾವೆ ಸಲ್ಲುತ್ತದೆ. ಹಮ್ಮುರಾಬಿಯ ಕಟ್ಟಳೆ ಕಟ್ಟಿದವನ ಮಗನ ಪ್ರಾಣ ಕೇಳಿತ್ತು. ಈಗ ಮಗನಿಗೆ ಬರಬೇಕಾದ ಮನೆ ಪಣದಲ್ಲಿದೆ. ಅಂತರ ಅಪಾರವೇ, ಆದರೆ ವಂಶವನ್ನು ಮುಟ್ಟುವ ಗುಣ ಪೂರ್ತಿ ಅಳಿದಿಲ್ಲ.

ಭಾರತದ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿನ ಚಿಂತೆ ವಿಮೆಯ ಬೆಲೆಯದಲ್ಲ, ವಿಮೆಯ ಅಭಾವದ್ದು. 1972ರ ವಾಸ್ತುಶಿಲ್ಪಿಗಳ ಕಾಯಿದೆ ಮಂಡಳಿಯನ್ನೂ ನೋಂದಣಿಯನ್ನೂ ತಂದಿತಾದರೂ ಹೊಣೆಯ ವಿಮೆಯನ್ನು ಕಡ್ಡಾಯಗೊಳಿಸಲಿಲ್ಲ. ಆ ಕಾಯಿದೆ ರಕ್ಷಿಸುವುದು ಆರ್ಕಿಟೆಕ್ಟ್ ಎಂಬ ಹೆಸರನ್ನು ಮಾತ್ರ, ಆ ಕೆಲಸವನ್ನಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಅಂದರೆ ಆ ಹೆಸರಿಲ್ಲದವರೂ ಕಟ್ಟಡ ವಿನ್ಯಾಸ ಮಾಡುವುದನ್ನು ಈ ಕಾಯಿದೆ ತಡೆಯದು. ಅವರು ಮಂಡಳಿಯ ಶಿಸ್ತಿಗೂ ಒಳಪಡುವುದಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ, ಮನೆ ಕಟ್ಟಿಕೊಡುವುದೂ ಸೇವೆಯೇ ಎಂದು 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪಾಯಿತು. ಕಟ್ಟಿಸಿಕೊಂಡವನಿಗೆ ದೂರು ಕೊಡುವ ಬಾಗಿಲೊಂದು ತೆರೆಯಿತು. ಆದರೆ ಕ್ಲೇಯಂಥ ಕೂಲಿಗಾರ ಗ್ರಾಹಕನಲ್ಲ.

1983ರಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ನಿರ್ಮಾಣದ ಹಂತದಲ್ಲಿಯೇ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚಿಯಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಮುಗಿಯದ ಕಟ್ಟಡವೊಂದು ಉರುಳಿತು. ಇಂಥ ಸಂದರ್ಭಗಳಲ್ಲಿ ಈ ನಾಡು ಸಾಮಾನ್ಯವಾಗಿ ಹಿಡಿಯುವ ದಾರಿ ಪ್ರಥಮ ವರ್ತಮಾನ ವರದಿ, ಬಂಧನ, ಸರ್ಕಾರದ ಬೊಕ್ಕಸದಿಂದ ಘೋಷಣೆಯಾಗುವ ಪರಿಹಾರ. ಮೊದಲೆರಡು ಹಮ್ಮುರಾಬಿಯ ದಾರಿಯ ಸೌಮ್ಯ ರೂಪ. ಮೂರನೆಯದರಲ್ಲಿ ತೆರುವವನು ತಪ್ಪು ಮಾಡಿದವನಲ್ಲ, ತೆರಿಗೆದಾರ. ಮೋಟಾರು ವಾಹನಗಳ ಕಾಯಿದೆಯಂತೆ ಹುಬ್ಬಳ್ಳಿಯ ರಸ್ತೆಯಲ್ಲಿ ಸ್ಕೂಟರು ಓಡಿಸುವವನು ಮೂರನೆಯವರಿಗಾಗುವ ಹಾನಿಗೆ ವಿಮೆ ಮಾಡಿಸಲೇಬೇಕು. ಭೋಪಾಲದ ದುರಂತದ ಅನಂತರ, 1991ರಲ್ಲಿ, ಅಪಾಯಕಾರಿ ರಾಸಾಯನಿಕಗಳನ್ನು ಬಳಸುವವರಿಗೂ ಅಂಥ ವಿಮೆ ಕಡ್ಡಾಯವಾಯಿತು. ಅದೇ ರಸ್ತೆಯ ಬದಿಯಲ್ಲಿ ನಾಲ್ಕು ಅಂತಸ್ತಿನ ಕಟ್ಟಡದ ನಕ್ಷೆಗೆ ಸಹಿ ಹಾಕುವವನಿಗೆ ಕೇಂದ್ರ ಶಾಸನದ ಅಂಥ ಕಟ್ಟುಪಾಡಿಲ್ಲ.

2016ರ ರಿಯಲ್ ಎಸ್ಟೇಟ್ ಕಾಯಿದೆ ಒಂದು ಹೆಜ್ಜೆ ಮುಂದಿಟ್ಟಿದೆ. ಅದರ 14ನೆಯ ಪ್ರಕರಣದಂತೆ, ಮನೆ ವಶಕ್ಕೆ ಕೊಟ್ಟ ಐದು ವರ್ಷದೊಳಗೆ ರಚನೆಯ ದೋಷ ಕಂಡುಬಂದರೆ ನಿರ್ಮಾಣದಾರ ಮೂವತ್ತು ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಫ್ರಾನ್ಸಿನ ಹತ್ತು ವರ್ಷದ ಅರ್ಧ. ಯೋಜನೆಯ ಪ್ರತ್ಯೇಕ ಬ್ಯಾಂಕ್ ಖಾತೆಯಿಂದ ಹಣ ತೆಗೆಯಲು ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರಗಳು ಬೇಕು. ಥ್ಯಾಕ್ರಾ ಪ್ರಕರಣದ ಆ ಪತ್ರವೇ ಇಲ್ಲಿ ಸಾವಿರಾರು ಮನೆ ಕೊಳ್ಳುವವರ ಹಣದ ಕಾವಲಿಗೆ ಕುಳಿತಿದೆ. 16ನೆಯ ಪ್ರಕರಣ ಯೋಜನೆಯ ಭೂಮಿಯ ಹಕ್ಕಿಗೂ ನಿರ್ಮಾಣಕ್ಕೂ ವಿಮೆ ಮಾಡಿಸಬೇಕೆನ್ನುತ್ತದೆ, ಆದರೆ ಸರ್ಕಾರ ಅಧಿಸೂಚಿಸಿದ ಮಟ್ಟಿಗೆ ಮಾತ್ರ. ಆ ಹೊಣೆಯೂ ನಿರ್ಮಾಣದಾರನದು. ಪ್ರಮಾಣಪತ್ರಕ್ಕೆ ಸಹಿ ಹಾಕುವ ವಾಸ್ತುಶಿಲ್ಪಿಯ ವಿಮೆಯ ಕುರಿತು ಆ ಪ್ರಕರಣದಲ್ಲಿ ಒಂದು ಮಾತೂ ಇಲ್ಲ.